ಮೋರಿಕಟ್ಟೆಯ ಮೇಲೆ ಸೋತ ಸೈಕಲ್ಲು

ನಮ್ಮ ಭಾಗಕ್ಕೆ ಸೈಕಲ್ಲನ್ನು ಪರಿಚಯಿಸಿದವರು ಯಾರು ಎಂಬ ಸಂಗತಿ ನನಗೆ ತಿಳಿದದ್ದು ಅರವತ್ತನಾಲ್ಕನೇ ವಯಸ್ಸಿನಲ್ಲಿ, ದಾಂಡೇಲಿಯ ಒಂದು ಮೈದಾನದಲ್ಲಿ, ಬೆಳಗಿನ ಏಳು ಗಂಟೆಗೆ, ಧ್ವನಿವರ್ಧಕದ ಮೂಲಕ. ಸೈಕಲ್ ಸ್ಪರ್ಧಾ ಸಮಿತಿಯ ಅಧ್ಯಕ್ಷರು ವೇದಿಕೆಯ ಮೇಲೆ ನಿಂತು, ಈ ಗುಡ್ಡಗಾಡಿನ ಜನರಿಗೆ ಸೈಕಲ್ ಸಂಸ್ಕೃತಿಯನ್ನು ಪರಿಚಯಿಸುವ ಭಾಗ್ಯ ತಮ್ಮದಾಯಿತೆಂದು ಹೇಳಿ ಕಣ್ಣು ಒರೆಸಿಕೊಂಡರು. ಆಗ ನಾನು ನನ್ನ ಇಪ್ಪತ್ನಾಲ್ಕು ಇಂಚಿನ ಕರಿ ಸೈಕಲ್ಲಿನ ಮೇಲೆ ಒಂದು ಕಾಲು ನೆಲಕ್ಕೂರಿ ಕೂತಿದ್ದೆ. ನಲವತ್ತೊಂದು ವರ್ಷ ಕೂತರೂ ನಮ್ಮಿಬ್ಬರಿಗೆ ಪರಿಚಯವಾಗಿರಲಿಲ್ಲವಲ್ಲ ಎಂದು ಬಗ್ಗಿ ಅದರ ಮುಖ ನೋಡಿದೆ. ಅದೂ ಗುರುತು ಹಿಡಿದಂತೆ ಕಾಣಲಿಲ್ಲ.

ಸಿಟ್ಟು ಅಂದು ಬಂದದ್ದು. ಇನ್ನೂ ಇದೆ. ನಾನು ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವನು. ಎಣ್ಣೆ ಹಾಕಿ ಒರೆಸಿ ಇಟ್ಟರೆ ಯಾವ ವಸ್ತುವೂ ಬಾಳಿಕೆ ಬರುತ್ತದೆಂದು ಬಲ್ಲೆ.

ನಮ್ಮಪ್ಪ ಧಾರವಾಡದ ಕಡೆಯ ಊರು ಬಿಟ್ಟು ಕಾಗದದ ಮಿಲ್ಲಿನ ಕೆಲಸಕ್ಕೆ ಬಂದಾಗ ಅವನ ಆಸ್ತಿಯೆಂದರೆ ಒಂದು ತಗಡಿನ ಟ್ರಂಕು, ಅದನ್ನು ಹೊತ್ತು ತಂದ ಒಂದು ಸೈಕಲ್ಲು. ಆಗೆಲ್ಲ ಪಾಳಿ ಬಿಡುವ ಭೋಂಗಾ ಊದಿತೆಂದರೆ ಬಂಗೂರನಗರದ ರಸ್ತೆಯ ತುಂಬ ಸೈಕಲ್ಲು. ಆಚೆ ದಾಟಬೇಕಾದ ಎಮ್ಮೆಗಳು ಕೂಡ ಭೋಂಗಾ ಕೇಳಿ ಈಚೆಯ ಬದಿಯಲ್ಲೇ ನಿಂತು ಮೆಲುಕು ಹಾಕುತ್ತಿದ್ದವು. ಹೆಣ್ಣು ನೋಡಲು ಹೋದದ್ದು, ಗಿರಣಿಗೆ ಜೋಳ ಒಯ್ದದ್ದು, ಹೆರಿಗೆ ನೋವು ತಿನ್ನುವವಳನ್ನು ಹಿಂದೆ ಕೂಡಿಸಿಕೊಂಡು ದವಾಖಾನೆ ಮುಟ್ಟಿಸಿದ್ದು, ಎಲ್ಲ ಸೈಕಲ್ಲಿನ ಮೇಲೆಯೇ. ಇದು ಸಂಸ್ಕೃತಿ ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಸ್ವಲ್ಪ ಮುಖ ತೊಳೆದುಕೊಂಡು ಹತ್ತುತ್ತಿದ್ದೆವು.

ಬಯಲಿನ ಜನ ಸೈಕಲ್ ಹೊಡೆಯುತ್ತಾರೆ. ನಾವು ಅರ್ಧ ದಾರಿ ಹೊಡೆದು ಅರ್ಧ ದಾರಿ ದೂಡುತ್ತೇವೆ. ಸೂಪಾ ದಾಟಿ ಜೊಯಿಡಾದ ಕಡೆ ಹೋಗುವಾಗ ಒಂದು ಉದ್ದನೆಯ ಏರು ಬರುತ್ತದೆ. ಎರಡೂ ಕಡೆ ಕಾಡು. ಏರಿನ ಬುಡದಲ್ಲಿ ಹಳ್ಳದ ನೀರು ಹಾಯಲು ಒಂದು ಮೋರಿ, ಅದರ ಎರಡೂ ಬದಿಗೆ ಕೂಡಲು ಹದವಾದ ಎತ್ತರದ ಕಟ್ಟೆ. ಅಲ್ಲಿಗೆ ಬಂದ ಸೈಕಲ್ಲಿನವನು ಇಳಿದು ಮೂರು ಸಲ ಗಂಟೆ ಬಾರಿಸಬೇಕು. ಹಿಂದಿನಿಂದ ಯಾರಾದರೂ ಬರುತ್ತಿದ್ದರೆ ಅವರೂ ಬಾರಿಸುತ್ತಾರೆ. ಆ ಸದ್ದು ಕೇಳಿದರೆ ಕಟ್ಟೆಯ ಮೇಲೆ ಕೂತು ಕಾಯಬೇಕು. ಅವರು ಬಂದ ಮೇಲೆ ಎಲ್ಲರೂ ಕೂಡಿ ಏರಬೇಕು. ಕರಡಿ ಇದೆ, ಕಾಡುಕೋಣ ಇದೆ. ಭಾರ ಹೇರಿಕೊಂಡ ಸೈಕಲ್ಲಿಗೆ ಹಿಂದಿನಿಂದ ಒಂದು ಕೈಯೂ ಬೇಕು. ಈ ಕಾಯ್ದೆಯನ್ನು ಯಾರು ಮಾಡಿದರೋ ತಿಳಿಯದು. ಎಲ್ಲಿಯೂ ಬರೆದಿಲ್ಲವಾದ್ದರಿಂದ ಎಲ್ಲರೂ ಪಾಲಿಸುತ್ತಾರೆ. ಅದೇ ಕಟ್ಟೆಯ ಮೇಲೆ ಕೂತು ಜಗಳವಾಡಿದವರೂ ಏರುವಾಗ ಒಬ್ಬರ ಕ್ಯಾರಿಯರ್ ಇನ್ನೊಬ್ಬರು ದೂಡಿದ್ದನ್ನು ನಾನು ಕಂಡಿದ್ದೇನೆ. ದೂಡುತ್ತ ಜಗಳ ಮುಂದುವರಿಸಿದ್ದನ್ನೂ ಕಂಡಿದ್ದೇನೆ.

ಈ ಏರನ್ನು ದಿನವೂ ಹತ್ತುವವಳು ನನ್ನ ತಂಗಿ. ಐವತ್ತೆರಡು ವರ್ಷದವಳು, ಜೊಯಿಡಾದ ಕಡೆಯ ಒಂದು ಮಜರೆ ಹಳ್ಳಿಗೆ ಕೊಟ್ಟವಳು. ಅವಳ ಕೆಲಸ ಟಪಾಲು ಹಂಚುವುದು. ಆ ಕಡೆ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗದ್ದೆ, ಹಳ್ಳ, ಮತ್ತೊಂದು ಗುಡ್ಡ. ಸ್ಕೂಟರ್ ತಗೋ ಎಂದು ಹೇಳುವವರು ಬಹಳ. ಸ್ಕೂಟರನ್ನು ಹೆಗಲ ಮೇಲೆ ಎತ್ತಿ ಹಳ್ಳ ದಾಟಿಸಲು ಬರುವವರು ಯಾರೂ ಇಲ್ಲ. ಆದ್ದರಿಂದ ಸೈಕಲ್ಲೇ.

ಆ ಸೈಕಲ್ಲನ್ನು ನಾನೇ ಅವಳಿಗೆ ಕೆಲಸ ಸಿಕ್ಕ ವರ್ಷ ಕೊಡಿಸಿದ್ದೆ. ಹ್ಯಾಂಡಲಿನ ಬುಡದ ಕೊಳವೆ ಎರಡು ಸಲ ಸೀಳಿತ್ತು, ಎರಡು ಸಲ ಬೆಸುಗೆ ಹಾಕಿಸಿದ್ದಾಯಿತು. ಎರಡನೆಯ ಬೆಸುಗೆಯ ಮೇಲೆ ಅದು ಸ್ವಲ್ಪ ಎಡಕ್ಕೆ ವಾಲಿಕೊಂಡು ಹೋಗುತ್ತಿತ್ತು, ಯಾರದೋ ಮಾತಿಗೆ ಕಿವಿಗೊಟ್ಟವರ ಹಾಗೆ. ಮತ್ತೆ ಸೀಳುವ ಮೊದಲೇ ಗಟ್ಟಿ ಮಾಡಿಸಲೆಂದು ಮೂರನೆಯ ಸಲ ಒಯ್ದಾಗ ಬೆಸುಗೆಯವನು, ಇದರೊಳಗೆ ಬೆಸೆಯಲು ಇನ್ನು ಕಬ್ಬಿಣವೇ ಉಳಿದಿಲ್ಲ ಎಂದು ಕೈಮುಗಿದ. ಹೊಸದು ಕೊಡಿಸುತ್ತೇನೆ ಎಂದೆ. ತಂಗಿ ಒಪ್ಪಲಿಲ್ಲ.

"ಮೊದಲನೇದು ನೀ ಕೊಟ್ಟಿ. ಎರಡನೇದು ನಾ ತರ್ತೇನಿ, ಅಣ್ಣಾ," ಎಂದಳು.

ಎಲ್ಲಿಂದ ತರುತ್ತಾಳೆ ಎಂದು ನಾನು ಕೇಳುವ ಮೊದಲೇ ಅವಳು ಟಪಾಲು ಚೀಲದಿಂದ ಒಂದು ಬಣ್ಣದ ಕಾಗದ ತೆಗೆದಳು. ದಾಂಡೇಲಿಯಿಂದ ಜೊಯಿಡಾದವರೆಗೆ ಸೈಕಲ್ ಸ್ಪರ್ಧೆ. ಅತಿಥಿಗಳ ವಿಭಾಗ ಒಂದು, ಸ್ಥಳೀಯರ ವಿಭಾಗ ಒಂದು. ಸ್ಥಳೀಯರಲ್ಲಿ ಮೊದಲು ಬಂದವರಿಗೆ ಹೊಸ ಸೈಕಲ್ಲು. ಕಾಗದದಲ್ಲಿ ಅದರ ಚಿತ್ರವೂ ಇತ್ತು: ಮುಂದೆ ಬುಟ್ಟಿ, ಹಿಂದೆ ಗಟ್ಟಿ ಕ್ಯಾರಿಯರ್, ಸೀರೆಯುಟ್ಟು ಹತ್ತಲು ಅಡ್ಡ ಕೊಳವೆಯಿಲ್ಲದ ಚೌಕಟ್ಟು. ಇವಳ ಅಳತೆ ತೆಗೆದುಕೊಂಡು ಹೋಗಿ ಮಾಡಿಸಿದಂತಿತ್ತು. ದಿನವೂ ಆ ರಸ್ತೆಯಲ್ಲಿ ಚೀಲ ಹೊತ್ತು ತಿರುಗುವವಳನ್ನು ಚೀಲವಿಲ್ಲದೆ ಸೋಲಿಸುವ ಸ್ಥಳೀಯನನ್ನು ನಾನಂತೂ ಕಂಡಿರಲಿಲ್ಲ.

ಸ್ಥಳೀಯರೆಂದು ಕೂಡಿದವರು ಏಳು ಜನ. ನಾನು, ತಂಗಿ, ಮಿಲ್ಲಿನ ನನ್ನ ಹಳೆಯ ಜೊತೆಗಾರರು ಮೂವರು, ಹಳಿಯಾಳದ ಒಬ್ಬ ಹಾಲಿನವನು, ಮತ್ತು ಮುಂಡಗೋಡದ ಕಡೆಯಿಂದ ಬಸ್ಸಿನ ಮೇಲೆ ಸೈಕಲ್ ಹೇರಿಕೊಂಡು ಬಂದ ಒಬ್ಬ ರೈತ. ಎಲ್ಲರ ಅರ್ಜಿಗಳನ್ನೂ ನಾನೇ ತುಂಬಿದೆ. ನಮ್ಮ ಓಣಿಯಲ್ಲಿ ಅರ್ಜಿ ಎಂದರೆ ನನ್ನ ಹತ್ತಿರವೇ ಬರುತ್ತದೆ. ದುಂಡಗೆ ಬರೆಯುತ್ತೇನೆಂದು ಹೆಸರಿದೆ. ಅರ್ಜಿ ಇಂಗ್ಲಿಷಿನಲ್ಲಿತ್ತು. ತುಂಬಬೇಕಾದ ಜಾಗವನ್ನೆಲ್ಲ ತುಂಬಿ, ಕೆಳಗೆ 'ಓದಿ ತಿಳಿದುಕೊಂಡಿದ್ದೇನೆ' ಎಂಬಲ್ಲಿ ಏಳು ಜನರ ಸಹಿ ಹಾಕಿಸಿ, ದೊಡ್ಡ ಕೆಲಸ ಮಾಡಿದವನಂತೆ ಪೆನ್ನಿನ ಟೊಪ್ಪಿಗೆ ಮುಚ್ಚಿದೆ.

ಸ್ಪರ್ಧೆಯ ದಿನ ಮೇಲೆ ಹೇಳಿದ ಭಾಷಣ ಆಯಿತು. ನಾಲ್ಕೂವರೆ ತಾಸಿನೊಳಗೆ ಜೊಯಿಡಾ ಮುಟ್ಟಬೇಕು ಎಂದು ಧ್ವನಿವರ್ಧಕದಲ್ಲಿ ಸಾರಿದರು. ಅತಿಥಿಗಳಿಗೆ ಒಬ್ಬೊಬ್ಬರಿಗೂ ಒಂದು ನೀರಿನ ಬಾಟಲಿ, ಒಂದು ಬಾಳೆಹಣ್ಣು, ಆಪತ್ತಿಗೆ ಊದಲು ಒಂದು ಸೀಟಿ. ನಮಗೆ ಬೆನ್ನಿಗೆ ಪಿನ್ನು ಚುಚ್ಚಿ ಹಚ್ಚಿಕೊಳ್ಳಲು ಒಂದು ನಂಬರು. ತಂಗಿ ಅದನ್ನು ಸೆರಗಿಗೆ ಚುಚ್ಚಿಕೊಂಡು ಸೆರಗು ಸೊಂಟಕ್ಕೆ ಸಿಕ್ಕಿಸಿದಳು; ಹಾಗಾಗಿ ನಂಬರು ಮಡಿಕೆಯೊಳಗೆ ಹೋಗಿ ಮುಚ್ಚಿತು. ಕಾಣಬೇಕು ಎಂದು ಒಬ್ಬ ಕಾರ್ಯಕರ್ತ ತಕರಾರು ತೆಗೆದಾಗ ಹಾಲಿನವನು, ಅಕ್ಕಾರು ಮುಂದೆ ಹೋಗುವವರಿದ್ದಾರೆ, ಅವರ ಬೆನ್ನು ನೋಡುವುದು ನಾವು, ನಮಗೆ ಗುರುತಿದೆ ಎಂದು ಸಮಾಧಾನ ಹೇಳಿದ.

ಅತಿಥಿಗಳು ಸರಕ್ಕನೆ ಮುಂದೆ ಹೋದರು. ಅವರ ಸೈಕಲ್ಲಿಗೆ ಗೇರು ಇತ್ತು, ಗಂಟೆ ಇರಲಿಲ್ಲ, ಸ್ಟ್ಯಾಂಡು ಇರಲಿಲ್ಲ, ಮಡ್‌ಗಾರ್ಡ್ ಇರಲಿಲ್ಲ. ಇಷ್ಟೊಂದು ಇಲ್ಲದ್ದಕ್ಕೆ ಅಷ್ಟೊಂದು ತೂಕದ ಬೆಲೆಯಂತೆ. ನಾವು ನಮ್ಮ ಗತ್ತಿನಲ್ಲಿ ಹೋದೆವು. ಸೂಪಾದ ತನಕ ತಂಗಿ ನಮ್ಮೆಲ್ಲರಿಗಿಂತ ಮುಂದಿದ್ದಳು. ಎಡಕ್ಕೆ ವಾಲಿದ ಆ ಸೈಕಲ್ಲನ್ನು ಅವಳು ಬಲಕ್ಕೆ ವಾಲಿ ಸರಿಮಾಡುತ್ತ ಹೋಗುವುದನ್ನು ಹಿಂದಿನಿಂದ ನೋಡಿದರೆ, ಸುಖವಾಗಿ ಬಾಳುವ ಗಂಡ ಹೆಂಡಿರ ನೆನಪಾಗುತ್ತಿತ್ತು.

ನಾನು ಮೋರಿ ಮುಟ್ಟಿದಾಗ ಹೊರಟು ಎರಡು ತಾಸಿನ ಮೇಲೆ ಹತ್ತು ನಿಮಿಷವಾಗಿತ್ತು. ಅಲ್ಲಿಂದ ಜೊಯಿಡಾಕ್ಕೆ, ಏರು ದೂಡಿಯೂ, ಮುಕ್ಕಾಲು ತಾಸಿಗಿಂತ ಕಡಿಮೆ. ತಂಗಿ ಆಗಲೇ ಕಟ್ಟೆಯ ಮೇಲೆ ಕೂತಿದ್ದಳು. ಇಳಿದಿದ್ದಳು, ರೂಢಿಯಂತೆ ಮೂರು ಸಲ ಗಂಟೆ ಬಾರಿಸಿದ್ದಳು, ಹಿಂದಿನಿಂದ ನಮ್ಮ ಗಂಟೆಗಳು ಕೇಳಿದ್ದವು, ಕೂತಿದ್ದಳು. ಒಬ್ಬೊಬ್ಬರಾಗಿ ನಾವು ಆರೂ ಜನ ಬಂದೆವು. ಎದ್ದು ಹೊರಡಬೇಕು. ಯಾರ ಕೈಗೆ ಏನು ತಿಳಿಯಿತೋ, ಮುಂಡಗೋಡದ ರೈತನೂ ಸೇರಿ ಎಲ್ಲರೂ ಇನ್ನೊಮ್ಮೆ ಗಂಟೆ ಬಾರಿಸಿದೆವು. ಆಗ ಹಿಂದಿನ ತಿರುವಿನ ಆಚೆಯಿಂದ, ಬಹಳ ದೂರದಿಂದ, ಸೀಟಿಯ ಸದ್ದು ಕೇಳಿತು.

ತಂಗಿ ಮತ್ತೆ ಕೂತಳು.

ಹಾಲಿನವನಿಗೆ ಅವಳ ಸೈಕಲ್ಲಿನ ಕಥೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಅವನು ತಲೆ ಕೆರೆದುಕೊಂಡು, "ಅಕ್ಕಾರ, ನೀವು ನಡೀರಿ. ನಾವು ಇರ್ತೇವಿ," ಎಂದ.

"ಹಿಂದ ಸೀಟಿ ಕೇಳಸೇತಿ. ಹೆಂಗ ಹೋಗ್ಲಿ?"

"ಇವತ್ತ ರೇಸ್ ಐತ್ರಿ."

"ರೇಸ್ ನಮಗ ಐತಿ. ಕರಡಿಗೆ ಐತೇನು?"

ಹಾಲಿನವನು ತನ್ನ ಸೈಕಲ್ಲಿಗೆ ಸ್ಟ್ಯಾಂಡು ಹಾಕಿದ. ನಾನು ಗಡಿಯಾರ ನೋಡಿ, ನಾಲ್ಕೂವರೆ ತಾಸು ಇದೆಯಲ್ಲ, ಹೊತ್ತು ಬಹಳ ಇದೆ ಎಂದು ಹಿರಿಯನಾಗಿ ತೀರ್ಪು ಕೊಟ್ಟೆ. ಹಾಲಿನವನು ಎಲೆ ಅಡಿಕೆ ಬಿಚ್ಚಿ, "ಆತು, ಏರು ಮುಗೀಲಿ. ಆಮ್ಯಾಲೆ ರೇಸ್," ಎಂದು ಎಲ್ಲರಿಗೂ ಹಂಚಿದ.

ಅರ್ಧ ತಾಸು ಕೂತೆವು. ಕೊನೆಗೆ ತಿರುವಿನಲ್ಲಿ ಲಾಳ ಹೊಡೆದ ಎತ್ತಿನ ಹಾಗೆ ಟಕ ಟಕ ಸದ್ದು ಬಂತು. ಅತಿಥಿಗಳ ವಿಭಾಗದ ಒಬ್ಬರು, ಹುಬ್ಬಳ್ಳಿಯ ಹಲ್ಲಿನ ಡಾಕ್ಟರು, ದಪ್ಪನೆಯ ಆಳು, ಹೊರಟಾಗಲೇ ಎಲ್ಲರಿಗಿಂತ ಹಿಂದೆ ಉಳಿದವರು. ಅವರ ಬೂಟಿನ ಅಡಿಗೆ ಏನೋ ಕಬ್ಬಿಣ ಹಚ್ಚಿತ್ತು. ಸೈಕಲ್ಲನ್ನು ದೂಡುತ್ತಿದ್ದರು, ಹರಿದ ಚೈನು ಹ್ಯಾಂಡಲಿಗೆ ಸುತ್ತಿತ್ತು. ಸಮಿತಿಯ ಜೀಪು ಮೂರು ಸಲ ಪಕ್ಕದಲ್ಲಿ ಹಾಯ್ದಿತಂತೆ. ಮೂರು ಸಲವೂ ಅವರು ಸೀಟಿ ಊದಿದ್ದರಂತೆ, ಮೂರು ಸಲವೂ ಜೀಪಿನವರು ಫೋಟೋ ತೆಗೆದು, ಹೆಬ್ಬೆರಳೆತ್ತಿ ಮುಂದೆ ಹೋದರಂತೆ.

"ನನಗಾಗಿ ನಿಂತ್ರೇನು?" ಎಂದು ಅವರು ಏದುಸಿರಿನ ನಡುವೆ ಕೇಳಿದರು.

"ನಿಮಗಾಗಿ ಅಲ್ರಿ," ಎಂದಳು ತಂಗಿ. "ಹಿಂದ ಇದ್ದವರಿಗಾಗಿ."

ನನ್ನ ಸೀಟಿನ ಕೆಳಗಿನ ಚೀಲದಲ್ಲಿ ಸಣ್ಣ ಸುತ್ತಿಗೆ, ಮೊಳೆ, ಇಕ್ಕಳ ಯಾವಾಗಲೂ ಇರುತ್ತವೆ. ಮೋರಿಕಟ್ಟೆಯನ್ನೇ ಅಡೆಗಲ್ಲು ಮಾಡಿಕೊಂಡು ಚೈನಿನ ಒಂದು ಕೊಂಡಿ ಬಿಡಿಸಿ, ಮತ್ತೆ ಕೂಡಿಸಿದೆ. ಅಂಥ ಸಣ್ಣ ಚೈನು ನಾನು ಮುಟ್ಟಿದ್ದು ಅದೇ ಮೊದಲು. ಹೆಣ್ಣುಮಕ್ಕಳ ಕೊರಳ ಸರ ಮಾಡಿದ ಹಾಗಾಯಿತು. ಆಮೇಲೆ ಎಂಟೂ ಜನ ಏರಿದೆವು. ಡಾಕ್ಟರನ್ನು ಹಿಂದಿನಿಂದ ಇಬ್ಬರು, ಅವರ ಸೈಕಲ್ಲನ್ನು ಒಬ್ಬರು ದೂಡಿದರು. ಅವರು ದಾರಿಯುದ್ದಕ್ಕೂ ಕ್ಷಮೆ ಕೇಳಿದರು, ಉಸಿರು ಸಿಕ್ಕಾಗ.

ಏರು ಮುಗಿಯಿತು. ರೇಸ್ ಸುರುವಾಯಿತು. ಹಾಲಿನವನ ಬ್ರೇಕು ಆಗಲೇ ಬಿಗಿಯಾಗಬೇಕೇ? ಮುಂಡಗೋಡದವನ ಧೋತರ ಆಗಲೇ ಬಿಚ್ಚಬೇಕೇ? ಮಿಲ್ಲಿನ ಮೂವರಿಗೂ ಒಂದೇ ಮರದಡಿ ಒಂದೇ ಕಾರಣಕ್ಕೆ ನಿಲ್ಲುವ ಪ್ರಸಂಗ ಬಂತು. ನನ್ನ ಮೊಣಕಾಲು ನೋವು ಮಾತ್ರ ನಿಜ. ತಂಗಿ ಒಬ್ಬಳೇ ಮುಂದೆ ಹೋದಳು, ಸ್ಥಳೀಯರಲ್ಲಿ ಮೊದಲನೆಯವಳಾಗಿ ಜೊಯಿಡಾದ ಗೆರೆ ದಾಟಿದಳು. ಹಿಂದೆಯೇ ಬಂದ ನಾವು ಚಪ್ಪಾಳೆ ತಟ್ಟಿದೆವು. ನಮ್ಮನ್ನು ಬಿಟ್ಟರೆ ಯಾರೂ ತಟ್ಟಲಿಲ್ಲ.

ಗೆರೆಯ ಹತ್ತಿರ ಕೂತಿದ್ದ ಕಾರ್ಯಕರ್ತೆ ಬಹಳ ವಿನಯದಿಂದ, ನಿಮ್ಮ ಸಮಯ ಮುಗಿದಿದೆ ಮೇಡಂ, ನಿಮ್ಮ ವಿಭಾಗದಲ್ಲಿ ವಿಜೇತರಿಲ್ಲ ಎಂದು ದಾಖಲಾಗಿದೆ, ಎಂದಳು. ಮೂರು ತಾಸು ನಲವತ್ತು ನಿಮಿಷವಾಗಿತ್ತು. ನಾನು ಎದೆ ಸೆಟೆಸಿಕೊಂಡು ಅಧ್ಯಕ್ಷರ ಮೇಜಿಗೆ ಹೋಗಿ, ನಾಲ್ಕೂವರೆ ತಾಸು ಎಂದು ಸಾರಿದವರು ಯಾರು ಎಂದು ವಿಚಾರಣೆ ತೆಗೆದೆ. ಅಧ್ಯಕ್ಷರು ನನ್ನ ದುಂಡನೆಯ ಅಕ್ಷರದ ಅರ್ಜಿಯನ್ನೇ ಹುಡುಕಿ ತೆಗೆದು, ಮಗುಚಿದರು. ಹಿಂಬದಿಯಲ್ಲಿ ಇರುವೆಯಂಥ ಅಕ್ಷರದಲ್ಲಿ ನಿಯಮಗಳಿದ್ದವು. ಅತಿಥಿಗಳಿಗೆ ನಾಲ್ಕೂವರೆ ತಾಸು. ಸ್ಥಳೀಯರಿಗೆ ಮೂರು.

"ನಿಮಗೆ ಏರು ರೂಢಿ ಇದೆ ಅಂತ ಗೌರವದಿಂದಲೇ ಕಡಿಮೆ ಇಟ್ಟಿದ್ದೇವೆ ಸರ್. ಸಹಿ ನಿಮ್ಮದೇ ಅಲ್ವಾ?" ಎಂದರು.

ಸಹಿ ನನ್ನದೇ. ಬದುಕಿನಲ್ಲಿ ನನಗೆ ಅನೇಕರು ಅವಮಾನ ಮಾಡಿದ್ದಾರೆ, ಗೌರವದಿಂದ ಇಷ್ಟು ಹೊಡೆದವರು ಇವರೊಬ್ಬರೇ. ಧ್ವನಿವರ್ಧಕದಲ್ಲಿ ಅರ್ಧ ನಿಯಮ ಸಾರಿ, ಉಳಿದರ್ಧವನ್ನು ಕಾಗದದ ಬೆನ್ನಿಗೆ ಅಂಟಿಸುವುದು ಯಾವ ಸಂಸ್ಕೃತಿ? ಕಾಡಿನಲ್ಲಿ ತಮ್ಮ ಅತಿಥಿಯನ್ನು ಬಿಟ್ಟು ಫೋಟೋ ತೆಗೆದುಕೊಂಡು ಹೋದವರು ನಮಗೆ ತಾಸಿನ ಲೆಕ್ಕ ಹೇಳುವುದೇ? ಇದನ್ನೆಲ್ಲ ಕೇಳಿದೆ. ಡಾಕ್ಟರೂ ಬಂದು ನಮ್ಮ ಪರವಾಗಿ ಕೈ ಬೀಸಿ ಬೀಸಿ ಮಾತನಾಡಿದರು. ಅವರು ಮಾತನಾಡುತ್ತಿರುವಾಗಲೇ ಯಾರೋ ಅವರ ಕೊರಳಿಗೆ ಪದಕ ಹಾಕಿದರು. ಅವರು ಇನ್ನೂ ತಮ್ಮ ನಾಲ್ಕೂವರೆ ತಾಸಿನೊಳಗೇ ಇದ್ದರು. ಪಾಪ, ಅವರಿಗೆ ಬಹಳ ನಾಚಿಕೆಯಾಯಿತು. ನಮ್ಮ ಏಳೂ ಜನರ ಹಲ್ಲುಗಳನ್ನು ಸಾಯುವ ತನಕ ಪುಕ್ಕಟೆ ನೋಡಿಕೊಳ್ಳುವುದಾಗಿ ಮಾತು ಕೊಟ್ಟರು.

ಅಷ್ಟರಲ್ಲಿ ತಂಗಿ ಪೆಂಡಾಲಿನ ಹೊರಗೆ ಆ ಹೊಸ ಸೈಕಲ್ಲಿನ ಹತ್ತಿರ ನಿಂತಿದ್ದಳು. ಸೀಟಿನ ಪ್ಲಾಸ್ಟಿಕ್ ಹಾಳೆ ಇನ್ನೂ ತೆಗೆದಿರಲಿಲ್ಲ. ಅದರ ಗಂಟೆಯನ್ನು ಒಮ್ಮೆ ಬಾರಿಸಿ, ಸದ್ದು ಚಲೋ ಐತಿ ಎಂದು ತನ್ನಷ್ಟಕ್ಕೆ ಹೇಳಿ, ತನ್ನ ವಾಲಿದ ಸೈಕಲ್ಲು ಹತ್ತಿದಳು. ಅರ್ಜಿಯ ಹಿಂಬದಿಯ ಸಂಗತಿಯನ್ನು ನಾನು ಅವಳಿಗೆ ಹೇಳಲಿಲ್ಲ. ಸಮಿತಿಯವರು ಮೋಸ ಮಾಡಿದರು ಎಂದಷ್ಟೇ ಹೇಳಿದೆ. ಅದು ಸುಳ್ಳಲ್ಲ. ಪೂರ್ತಿಯೂ ಅಲ್ಲ.

ಆಮೇಲೆ ನಾನು ಸಮಿತಿಗೆ ಮೂರು ಪ್ರತಿಭಟನಾ ಪತ್ರ ಬರೆದೆ. ಮೂರನೆಯದು ಹನ್ನೊಂದು ಪುಟ. ಉತ್ತರವಾಗಿ ಮೊಬೈಲಿಗೆ ಕೈಮುಗಿದ ಎರಡು ಹಸ್ತಗಳ ಚಿತ್ರ ಬಂತು. ಹೊಸ ಸೈಕಲ್ ಕೊಡಿಸುತ್ತೇನೆಂದು ತಂಗಿಗೆ ಮತ್ತೆ ಗಂಟುಬಿದ್ದೆ. ಅವಳು, ಯಾಕ, ನಿಂದೇನರ ತಪ್ಪೈತೇನು ಎಂದು ಮುಖ ನೋಡಿದಳು. ನಾನು ಮಾತು ಮಳೆಯ ಕಡೆ ತಿರುಗಿಸಿದೆ.

ಹೋದ ತಿಂಗಳು ಅವಳ ಮನೆಗೆ ಹೋಗಿದ್ದೆ. ಅಂದು ಅವಳ ಜೊತೆ ಟಪಾಲಿನ ದಾರಿ ಹಿಡಿದೆ. ಅವಳು ವಾರಕ್ಕೊಮ್ಮೆ ಹೋಗುವ ಮನೆಗಳಲ್ಲಿ ಸೂಪಾದ ಹತ್ತಿರದ ಒಂದು ರೆಸಾರ್ಟೂ ಇದೆ. ಅದು ಅದೇ ಅಧ್ಯಕ್ಷರದು. ನನಗೆ ಗೊತ್ತಿರಲಿಲ್ಲ. ಗೇಟಿನೊಳಗೆ ಕಾಲಿಟ್ಟವನು ಅಲ್ಲೇ ನಿಂತೆ. ಹುಲ್ಲುಹಾಸಿನ ಮೇಲೆ, ಬಂದವರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲೆಂದು, ಆ ಸೈಕಲ್ಲನ್ನು ನಿಲ್ಲಿಸಿದ್ದರು. ಬುಟ್ಟಿಯಲ್ಲಿ ಹೂವಿನ ಕುಂಡ. ಕ್ಯಾರಿಯರಿನ ಮೇಲೆ ಇನ್ನೊಂದು ಕುಂಡ. ಸೀಟಿಗೆ ಅದೇ ಪ್ಲಾಸ್ಟಿಕ್, ಬಿಸಿಲಿಗೆ ಹಳದಿಯಾಗಿತ್ತು. ಒಬ್ಬ ಹೆಂಗಸು ಹಳ್ಳ ಗುಡ್ಡ ದಾಟಿ ಪೆನ್ಶನ್ ಕಾಗದ ಮುಟ್ಟಿಸಬಹುದಾಗಿದ್ದ ಸೈಕಲ್ಲು ಅಲ್ಲಿ ಸೇವಂತಿಗೆ ಹೊತ್ತು ನಿಂತಿತ್ತು.

ಹನ್ನೆರಡನೆಯ ಪುಟಕ್ಕೆ ಆಗುವಷ್ಟು ಮಾತು ಬಾಯಿಗೆ ಬಂತು. ಹೊರಳಿ ನೋಡಿದರೆ ತಂಗಿ ಟಪಾಲನ್ನು ಕಾವಲುಗಾರನ ಕೈಗಿಟ್ಟು, ತನ್ನ ಸೈಕಲ್ಲಿಗೆ ಕಟ್ಟಿದ್ದ ಪಂಪು ಬಿಚ್ಚಿ, ಆ ಸೈಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಮುಂದಿನ ಗಾಲಿಯ ಗಾಳಿ ಇಳಿದಿತ್ತು. ಗಾಳಿ ತುಂಬುತ್ತಿದ್ದಳು. ಕಾವಲುಗಾರ ಆಶ್ಚರ್ಯಪಡಲಿಲ್ಲ, ವಾರ ವಾರ ನೋಡಿದವನ ಮುಖ ಅದು.

ಇದೇನು ಮಾಡುತ್ತೀ ಎಂದು ರೇಗಿದೆ.

"ಗಾಳಿ ಇಲ್ದ ನಿಲ್ಲಿಸಿದ್ರ ಟೈರ್ ಸೀಳ್ತಾವ. ಸೈಕಲ್ ಏನ್ ತಪ್ಪು ಮಾಡೇತಿ?"

ಅವಳು ಹಾಗೆಂದಾಗ ನನಗೆ ತಡೆಯಲಾಗಲಿಲ್ಲ. ಅರ್ಜಿಯ ಹಿಂಬದಿಯನ್ನು ನಾನು ಓದಿರಲಿಲ್ಲ, ಮೂರೇ ತಾಸು ಎಂದು ಅಲ್ಲಿ ಬರೆದಿತ್ತು, ಕಟ್ಟೆಯ ಮೇಲೆ ಹೊತ್ತಿದೆ ಎಂದು ಕೂಡಿಸಿದವನು ನಾನು, ಈ ಸೈಕಲ್ ಕಳೆದವನೂ ನಾನೇ ಎಂದು ಒಂದೇ ಉಸಿರಿಗೆ ಒಪ್ಪಿಸಿದೆ.

ತಂಗಿ ಪಂಪು ನಿಲ್ಲಿಸಲಿಲ್ಲ. "ಗೊತ್ತಿತ್ತು," ಎಂದಳು. "ನಾ ಟಪಾಲು ಹಂಚಾಕಿ. ಯಾವ ಕಾಗದ ಕೈಗೆ ಬಂದ್ರೂ ಎರಡೂ ಕಡೆ ನೋಡ್ತೇನಿ. ಓದೇ ಸಹಿ ಮಾಡಿದ್ದೆ."

"ಮತ್ತ ಮೋರಿಮ್ಯಾಲೆ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವೆಲ್ಲಾ ಕೂಡಿ ನನ್ನ ಮುಂದ ದೂಡಿ ಕಳಸ್ತಿದ್ರಿ. ನಾ ಹೋಗಿಬಿಡ್ತಿದ್ದೆ ಅಣ್ಣಾ. ಸೈಕಲ್ ಅಷ್ಟು ಬೇಕಾಗಿತ್ತು."

ಒಂದು ವರ್ಷ ನಾನು ಎಣ್ಣೆ ಹಾಕಿ ಒರೆಸಿ ಇಟ್ಟಿದ್ದ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲಿನದು. ಅದು ಅಲ್ಲಿಯೇ ಕೆಲಸಕ್ಕೆ ಬಾರದಂತಾಯಿತು. ಅದರ ಜಾಗಕ್ಕೆ ಅವಳ ಮೇಲೆ ಹೊಸದೊಂದು ಬಂತು. ಒಂದು ವರ್ಷ ನನ್ನನ್ನು ಮಳೆಯ ಮಾತಾಡಲು ಬಿಟ್ಟು ಸುಮ್ಮನಿದ್ದಳಲ್ಲ. ಅಧ್ಯಕ್ಷರ ಪಾಲು ಮಾತ್ರ ಇದ್ದಷ್ಟೇ ಇತ್ತು, ಈಗ ಹೂವಿನ ಕುಂಡದ ಸಮೇತ.

ಅವಳಿಗೆ ಮುಂದಿನ ಮನೆಗೆ ಹೊತ್ತಾಗುತ್ತಿತ್ತು. ಎದ್ದು, ಪಂಪನ್ನು ನನ್ನ ಕೈಗೆ ಕೊಟ್ಟು, ಚೀಲ ಹೆಗಲಿಗೇರಿಸಿದಳು. ನಾನು ಹಿಂದಿನ ಗಾಲಿಯ ಹತ್ತಿರ ಕೂತೆ. ಮೊಣಕಾಲು ಕಿರ್ರೆಂದಿತು. ಬಾಯಿಗೆ ಬಂದ ಅಷ್ಟೂ ಮಾತನ್ನು ಕೈಗೆ ಇಳಿಸಿ ಸಿಟ್ಟಿನಿಂದಲೇ ಗಾಳಿ ಹೊಡೆದೆ. ಗಾಲಿ ಚಲೋ ಗಟ್ಟಿ ತುಂಬಿತು.